ಲಿವರ್ ‘ಪಿ’ಯಲ್ಲೇ ಇತ್ತು, ಕಾರು ಬೀದಿಗಿಳಿದಿತ್ತು: ಕಲಬುರಗಿಯ ಒಂದು ಪ್ರಕರಣ

ಈ ಪ್ರಕರಣದಲ್ಲಿ ಯಾರಿಗೂ ಗಾಯವಾಗಲಿಲ್ಲ. ನಷ್ಟದ ಪಟ್ಟಿ ಮಾಡಿದರೆ ಎದುರು ಮನೆಯವರ ಒಂದು ಸ್ಕೂಟರ್, ಬೇವಿನ ಮರದ ಕೆಳಗಿನ ಅರವಟ್ಟಿಗೆಯ ಮಣ್ಣಿನ ಕೊಡಗಳು, ಕಾರಿನ ಹಿಂದಿನ ಬಂಪರ್, ಅಷ್ಟೇ. ಇಷ್ಟು ಸಣ್ಣ ಸಂಗತಿಯನ್ನು ವಿವರವಾಗಿ ದಾಖಲಿಸಲು ಕಾರಣವಿದೆ. ‘ಪಾರ್ಕಿಂಗ್ ಗೇರ್ ಹಾಕುವುದನ್ನು ಮರೆತೆ’ ಎಂಬ ಒಂದು ಸಾಲಿನ ಕೆಳಗೆ ಮಾಲೀಕರ ಸಹಿ ಬೀಳುವುದರಲ್ಲಿತ್ತು. ಬಿದ್ದಿದ್ದರೆ ವಿಮೆಯ ಕಡತ ಮುಚ್ಚುತ್ತಿತ್ತು, ಕಾರು ಅದೇ ದೋಷವನ್ನು ಹೊತ್ತು ಅದೇ ಇಳುಕಲಿನ ಮೇಲೆ ಮತ್ತೆ ನಿಲ್ಲುತ್ತಿತ್ತು.

ನಾನು ಕಲಬುರಗಿಯಲ್ಲಿ ಆಟೊಮೊಬೈಲ್ ವಿಷಯ ಕಲಿಸುವವನು. ಮನೆಯವರು ಕರೆದದ್ದರಿಂದ ಪರಿಶೀಲನೆಯಲ್ಲಿ ಸೇರಿಕೊಂಡೆ. ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಬಡಾವಣೆ, ಕಾರಿನ ಮಾದರಿ ಮತ್ತು ಮನೆಯವರ ಗುರುತು ಹತ್ತಬಹುದಾದ ವಿವರಗಳನ್ನು ಬಿಟ್ಟಿದ್ದೇನೆ ಇಲ್ಲವೇ ಬದಲಿಸಿದ್ದೇನೆ.

ಹಿನ್ನೆಲೆ

ಮಾಲೀಕರು ನಿವೃತ್ತ ಮುಖ್ಯೋಪಾಧ್ಯಾಯರು, ವಯಸ್ಸು ಎಪ್ಪತ್ತರ ಆಸುಪಾಸು. ಓಣಿಯವರೆಲ್ಲ ಗುರುಗಳು ಎನ್ನುತ್ತಾರೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಎಡ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಕ್ಲಚ್ ತುಳಿಯುವುದು ಕಷ್ಟವಾಗಿ, ಹೈದರಾಬಾದಿನಿಂದ ಒಂದು ಹಳೆಯ ಆಟೊಮ್ಯಾಟಿಕ್ ಕಾರನ್ನು ಕೊಂಡು ತಂದಿದ್ದರು. ಮುಂದಿನ ಗಾಲಿಗಳ ಎಳೆತದಿಂದ ಓಡುವ, ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ, ಕೀಲಿ ತಿರುಗಿಸಿ ಸ್ಟಾರ್ಟ್ ಮಾಡುವ ಸಣ್ಣ ಕಾರು. ಲಿವರಿನ ಪಕ್ಕದಲ್ಲಿ ಪಿ (ಪಾರ್ಕಿಂಗ್), ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್) ಅಕ್ಷರಗಳು ಸಾಲಾಗಿ ಇವೆ. ಮೂವತ್ತು ವರ್ಷ ಕ್ಲಚ್ ತುಳಿದ ಮನುಷ್ಯ ಎರಡೇ ವಾರದಲ್ಲಿ ಇದಕ್ಕೆ ಒಗ್ಗಿಕೊಂಡರು.

ಇನ್ನು ಇಳುಕಲಿನ ಮಾತು. ಕಲಬುರಗಿ ಸಮತಟ್ಟಾದ ಊರು, ಇಲ್ಲಿ ಕಾರು ತಾನಾಗಿ ಉರುಳುವುದೆಲ್ಲಿ ಎಂದು ಹೊರಗಿನವರಿಗೆ ಅನಿಸಬಹುದು. ಇಳುಕಲು ಇರುವುದು ಮನೆಗಳ ಬಾಗಿಲಲ್ಲಿ. ಡಾಂಬರು ಬಿದ್ದಂತೆಲ್ಲ ರಸ್ತೆ ಎತ್ತರವಾಗುತ್ತದೆ, ಮಳೆನೀರು ಒಳಗೆ ನುಗ್ಗುತ್ತದೆ ಎಂಬ ಭಯಕ್ಕೆ ಮನೆ ಕಟ್ಟುವವರು ಪಾಯವನ್ನು ಎತ್ತರಿಸುತ್ತಾರೆ. ಆ ಎತ್ತರಕ್ಕೆ ಕಾರು ಹತ್ತಲು ಚರಂಡಿಯ ಮೇಲಿಂದ ಒಂದು ರ‍್ಯಾಂಪ್ ಬೇಕು. ಗುರುಗಳ ಮನೆಯ ರ‍್ಯಾಂಪಿಗೆ ಶಹಾಬಾದ್ ಕಲ್ಲಿನ ಚಪ್ಪಡಿ ಹಾಸಿದ್ದಾರೆ. ಉದ್ದ ಹತ್ತು ಅಡಿ, ಏರು ಒಂದೂವರೆ ಅಡಿ. ಕಾರಿನ ತೂಕ ಹತ್ತಿರ ಹತ್ತಿರ ಒಂದು ಟನ್. ಲೆಕ್ಕ ಸರಳ: ಆ ಇಳುಕಲಿನ ಮೇಲೆ ನಿಂತ ಕಾರನ್ನು ಭೂಮಿ ಸುಮಾರು 150 ಕಿಲೋದಷ್ಟು ಬಲದಿಂದ ಬೀದಿಯ ಕಡೆಗೆ ಸದಾ ಎಳೆಯುತ್ತಲೇ ಇರುತ್ತದೆ.

ಕಾರು ಸಾಮಾನ್ಯವಾಗಿ ಪೋರ್ಚಿನ ಒಳಗೆ, ಸಮತಟ್ಟಾದ ನೆಲದ ಮೇಲೆ ನಿಲ್ಲುತ್ತಿತ್ತು. ಆ ವರ್ಷ ದರ ಏರಲೆಂದು ಹೊಲದ ತೊಗರಿಯನ್ನು ಮಾರದೆ ಪೋರ್ಚಿನಲ್ಲೇ ಒಟ್ಟಿದ್ದರು. ಹಾಗಾಗಿ ಕಾರಿನ ಜಾಗ ರ‍್ಯಾಂಪಿಗೆ ಬಂತು, ಮೂತಿ ಮನೆಯ ಕಡೆ, ಬೆನ್ನು ಬೀದಿಯ ಕಡೆ.

ಆ ಮಧ್ಯಾಹ್ನ

ಏಪ್ರಿಲ್ ತಿಂಗಳು, ಬಿಸಿಲು 40 ಡಿಗ್ರಿ ದಾಟಿದ ಹೊತ್ತು. ಗುರುಗಳು ಡಿಕ್ಕಿಯಲ್ಲಿ ಒಂದು ಚೀಲ ಜೋಳ ಹಾಕಿಕೊಂಡು ಬಂದು, ಕಾರನ್ನು ರ‍್ಯಾಂಪಿಗೆ ಹತ್ತಿಸಿ ನಿಲ್ಲಿಸಿದರು. ಬ್ರೇಕ್ ಮೇಲೆ ಕಾಲು ಇಟ್ಟೇ ಲಿವರನ್ನು ಪಿಗೆ ತಳ್ಳಿದರು, ಕೀಲಿ ತೆಗೆದರು, ರೂಢಿಯಂತೆ ಹ್ಯಾಂಡ್‌ಬ್ರೇಕನ್ನು ಎರಡು ಹಲ್ಲಿನಷ್ಟು ಎಳೆದರು, ಒಳಗೆ ಹೋದರು. ಕೀಲಿಯನ್ನು ಪಡಸಾಲೆಯ ಗೋಡೆಯ ಮೊಳೆಗೆ ಸಿಕ್ಕಿಸಿದರು. ಊಟವಾಯಿತು. ಕಾರು ಅಷ್ಟು ಹೊತ್ತು ನಿಂತಲ್ಲೇ ನಿಂತಿತ್ತು.

ಊಟದ ನಂತರ ಸೋದರಳಿಯ ಬಂದು ಡಿಕ್ಕಿಯಿಂದ ಚೀಲ ಇಳಿಸಿದ. ಬಾಗಿಲನ್ನು ಧಡ್ ಎಂದು ಹಾಕಿ, ಚೀಲ ಹೆಗಲಿಗೇರಿಸಿಕೊಂಡು ಅಡುಗೆಮನೆ ಸೇರುವಷ್ಟರಲ್ಲಿ ಹೊರಗೆ ಸದ್ದು. ಕಾರು ಹಿಮ್ಮುಖವಾಗಿ ರಸ್ತೆ ದಾಟಿ ಸ್ಕೂಟರನ್ನು ಕೆಡವಿ, ಅರವಟ್ಟಿಗೆಯ ಕಟ್ಟೆಗೆ ಹೋಗಿ ನಿಂತಿತ್ತು. ಉರಿಬಿಸಿಲಿನಲ್ಲಿ ಬೀದಿಯಲ್ಲಿ ಯಾರೂ ಇರಲಿಲ್ಲ. ಸಂಜೆಯಾಗಿದ್ದರೆ ಅದೇ ಕಟ್ಟೆಯ ಮೇಲೆ ಮಕ್ಕಳು ಕೂತಿರುತ್ತಾರೆ.

ಇಲ್ಲಿ ಒಂದು ಒಳ್ಳೆಯ ಕೆಲಸವಾಯಿತು. ನೆರೆದ ಜನ ‘ಮೊದಲು ಗಾಡಿ ತೆಗೆಯಿರಿ’ ಎಂದು ಅವಸರಪಡಿಸುತ್ತಿದ್ದರೂ ಗುರುಗಳ ಮಗಳು ಕಾರಿನ ಬಾಗಿಲು ತೆರೆಯುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದಳು: ಕಿಟಕಿಯ ಗಾಜಿನಾಚೆ ಲಿವರ್, ಹ್ಯಾಂಡ್‌ಬ್ರೇಕ್, ರ‍್ಯಾಂಪ್, ಗಾಲಿಯ ಗುರುತು. ಅಪಘಾತವೆಂದರೆ ನುಜ್ಜುಗುಜ್ಜಾದ ಭಾಗದ ಫೋಟೊ ತೆಗೆಯುವುದೇ ಎಲ್ಲರ ರೂಢಿ. ಈ ಪ್ರಕರಣದಲ್ಲಿ ಮುಂದೆ ಉಪಯೋಗಕ್ಕೆ ಬಂದದ್ದು ನುಜ್ಜಾಗದ ಭಾಗದ ಫೋಟೊಗಳು.

ಅನುಮಾನಗಳು

ಓಣಿಯ ತೀರ್ಪು ಹತ್ತು ನಿಮಿಷದಲ್ಲಿ ಹೊರಬಿತ್ತು: ವಯಸ್ಸಾಗಿದೆ, ಮರೆತಿದ್ದಾರೆ. ವಿಮೆಯ ಕಾಗದ ತಂದವನೂ ಸಂಭಾವಿತನೇ. ‘ಸರ್, ಪಾರ್ಕಿಂಗ್ ಹಾಕಲು ಮರೆತೆ ಎಂದು ಬರೆದುಕೊಡಿ, ಬೇಗ ಮುಗಿಯುತ್ತದೆ’ ಎಂದ. ಮನೆಯವರಿಗೂ ಅದೇ ಸುಲಭದ ದಾರಿ ಎನಿಸಿತ್ತು. ಗುರುಗಳು ಪೆನ್ನು ಕೆಳಗಿಟ್ಟರು. ‘ಹಾಕಿದ್ದೇನೆ. ಹಾಕಿಲ್ಲವೆಂದು ನಾನು ಏಕೆ ಬರೆಯಲಿ?’ ಇದನ್ನು ಹಟ ಎಂದರು ಕೆಲವರು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಮೊದಲ ತಿರುವು ಇದು.

ಅವರ ಮಾತನ್ನು ಗೌರವದಿಂದ ನಂಬುವುದು ಬೇರೆ, ಪರೀಕ್ಷಿಸಿ ಒಪ್ಪುವುದು ಬೇರೆ. ಪರೀಕ್ಷೆಗೆ ಸಾಕ್ಷಿ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಈ ಬಗೆಯ ಕಾರಿನಲ್ಲಿ ಲಿವರ್ ಪಿಗೆ ಬಾರದೆ ಕೀಲಿ ಹೊರಬರುವುದಿಲ್ಲ, ಹಾಗೆ ಒಳಗೊಂದು ಬೀಗವಿರುತ್ತದೆ. ಕೀಲಿ ಮನೆಯೊಳಗೆ ಇತ್ತೆಂದರೆ ಲಿವರ್ ಪಿಯಲ್ಲಿತ್ತು. ಫೋಟೊದಲ್ಲಿಯೂ ಪಿಯಲ್ಲೇ ಇದೆ. ಮೊಮ್ಮಗ ಆಟಕ್ಕೆ ಲಿವರ್ ಎಳೆದಿರಬಹುದು ಎಂದು ಯಾರೋ ಪಿಸುಗುಟ್ಟಿದ್ದರು. ಕೀಲಿ ಇಲ್ಲದೆ, ಬ್ರೇಕ್ ತುಳಿಯದೆ ಲಿವರ್ ಪಿ ಬಿಟ್ಟು ಕದಲುವುದಿಲ್ಲವಾದ್ದರಿಂದ ಆ ಮಗುವಿನ ಮೇಲಿನ ಅನುಮಾನವೂ ಅಲ್ಲಿಗೆ ಮುಗಿಯಿತು.

ಹಾಗಾದರೆ ಪಿಯಲ್ಲಿದ್ದ ಕಾರು ಉರುಳಿದ್ದು ಹೇಗೆ? ಇಲ್ಲಿ ಪಿ ಎಂದರೆ ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು.

ಗೇರ್‌ಬಾಕ್ಸಿನ ಒಳಗೆ, ಗಾಲಿಗಳಿಗೆ ಶಕ್ತಿ ಒಯ್ಯುವ ಕೊನೆಯ ದಂಡದ ಮೇಲೆ ದೊಡ್ಡ ಹಲ್ಲುಗಳ ಒಂದು ಚಕ್ರವಿರುತ್ತದೆ. ಪಿಗೆ ಹಾಕಿದಾಗ ಪಾರ್ಕಿಂಗ್ ಪಾಲ್ ಎಂಬ ಉಕ್ಕಿನ ಕೊಕ್ಕೆಯೊಂದು ಬಂದು ಎರಡು ಹಲ್ಲುಗಳ ನಡುವೆ ಬೀಳುತ್ತದೆ. ಕಾರು ನಿಲ್ಲುವುದು ಆ ಕೊಕ್ಕೆಯ ಬಲದಿಂದ. ಕೊಕ್ಕೆ ಸಂದಿಗೆ ಬೀಳದೆ ಹಲ್ಲಿನ ತುದಿಯ ಮೇಲೆ ಕೂತರೆ ಸ್ಪ್ರಿಂಗ್ ಅದನ್ನು ಒತ್ತಿ ಹಿಡಿದಿರುತ್ತದೆ, ಕಾರು ಸ್ವಲ್ಪ ಜರುಗಿದೊಡನೆ ಅದು ಸಂದಿಗೆ ಇಳಿಯುತ್ತದೆ. ಆಟೊಮ್ಯಾಟಿಕ್ ಓಡಿಸುವವರು ಕಾಲು ತೆಗೆದಾಗ ಕಾರು ಒಂದಿಷ್ಟು ಜಗ್ಗಿ ನಿಲ್ಲುವುದನ್ನು ಕಂಡಿರುತ್ತಾರೆ, ಅದು ಇದೇ. ಆದರೆ ಕಾರು ನಡಿಗೆಯ ವೇಗಕ್ಕಿಂತ ಜೋರಾಗಿ ಉರುಳತೊಡಗಿದರೆ ಕೊಕ್ಕೆ ಹಲ್ಲಿಂದ ಹಲ್ಲಿಗೆ ಜಿಗಿಯುತ್ತದೆಯೇ ಹೊರತು ಒಳಗೆ ಬೀಳುವುದಿಲ್ಲ. ಓಡುವ ಕಾರಿನ ಗೇರ್‌ಬಾಕ್ಸ್ ಪುಡಿಯಾಗದಿರಲೆಂದು ಬೇಕೆಂದೇ ಹಾಗೆ ಮಾಡಿರುತ್ತಾರೆ.

ಇನ್ನೊಂದು ಮಾತು ಬಹಳ ಜನರಿಗೆ ತಿಳಿದಿರುವುದಿಲ್ಲ. ಸಾಮಾನ್ಯ ಕಾರನ್ನು ಗೇರ್‌ನಲ್ಲಿ ಬಿಟ್ಟು ಎಂಜಿನ್ ನಿಲ್ಲಿಸಿದರೆ ಎಂಜಿನ್ನೇ ಕಾರನ್ನು ಹಿಡಿದಿರುತ್ತದೆ. ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್‌ನಲ್ಲಿ ಆ ಆಸರೆ ಇಲ್ಲ. ಅದರ ಗೇರುಗಳನ್ನು ಹಿಡಿಯುವುದು ಎಣ್ಣೆಯ ಒತ್ತಡ. ಎಂಜಿನ್ ನಿಂತರೆ ಒತ್ತಡ ಇಲ್ಲ, ಒತ್ತಡ ಇಲ್ಲದಿದ್ದರೆ ಹಿಡಿತವಿಲ್ಲ. ಆಗ ಲಿವರ್ ಆರ್‌ನಲ್ಲಿರಲಿ ಡಿಯಲ್ಲಿರಲಿ, ಕಾರು ನ್ಯೂಟ್ರಲ್‌ನಲ್ಲಿದ್ದಷ್ಟೇ ಸಡಿಲ. ಆ ಕೊಕ್ಕೆ ಮತ್ತು ಹ್ಯಾಂಡ್‌ಬ್ರೇಕ್, ಇವೆರಡೇ ಗತಿ.

ಪರಿಶೀಲನೆ

ನಾನು ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಮಗಳ ಫೋಟೊಗಳಲ್ಲಿ ಒಂದು. ಬೆಳಗ್ಗೆ ರ‍್ಯಾಂಪ್ ತೊಳೆದಿದ್ದರೂ ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ಮೇಲೆ ಬಿಳಿ ಧೂಳು ಮತ್ತೆ ಕೂತಿತ್ತು. ಆ ಧೂಳಿನಲ್ಲಿ ಮುಂದಿನ ಎರಡೂ ಗಾಲಿಗಳ ಅಚ್ಚು ಮೂಡಿತ್ತು. ಟೈರಿನ ಒಂದೊಂದು ಗೀರು, ನಡುವಿನ ಮೂರು ನೇರ ಗೆರೆಗಳು, ಎಲ್ಲವೂ ಬಿಡಿಬಿಡಿಯಾಗಿ ಎಣಿಸುವಂತೆ. ರಂಗೋಲಿಯ ಅಂಚಿನ ಮೇಲೆ ಹಾದುಹೋದ ಕಡೆಯೂ ಗೆರೆ ಒರೆಸಿಹೋಗಿರಲಿಲ್ಲ, ಒತ್ತಿಕೊಂಡಿತ್ತು ಅಷ್ಟೇ.

ಈ ಅಚ್ಚು ಒಂದು ಇಡೀ ಊಹೆಯನ್ನು ತಳ್ಳಿಹಾಕಿತು. ಕೊಕ್ಕೆ ಸರಿಯಾಗಿ ಬಿದ್ದಿದ್ದರೂ ಕಾರು ಜಾರಿರಬಹುದೇ ಎಂಬುದು ನನ್ನ ಮೊದಲ ಪ್ರಶ್ನೆಯಾಗಿತ್ತು. ಮುಂದಿನ ಗಾಲಿಗಳ ಎಳೆತದ ಕಾರಿನಲ್ಲಿ ಕೊಕ್ಕೆ ಹಿಡಿಯುವುದು ಎರಡೂ ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆಯನ್ನು. ಅದು ನಿಂತಿದ್ದರೂ ಒಂದು ಗಾಲಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಬಲ್ಲದು. ಒಂದು ಗಾಲಿಯ ಕೆಳಗೆ ಪಾಚಿಯೋ ಎಣ್ಣೆಯೋ ಇದ್ದು ಹಿಡಿತ ತಪ್ಪಿದರೆ ಪಿಯಲ್ಲಿರುವ ಕಾರೂ ಜಾರಬಹುದು. ಆದರೆ ಹಾಗೆ ಜಾರಿದ್ದರೆ ಒಂದು ಗಾಲಿಯ ಗುರುತಾದರೂ ಉಜ್ಜಿದಂತೆ ಕಲಸಿಹೋಗಿರಬೇಕಿತ್ತು. ಎರಡೂ ಗಾಲಿಗಳು ನಿರಾತಂಕವಾಗಿ ಉರುಳಿದ್ದವು. ಅಂದರೆ ಕೊಕ್ಕೆ ಹಿಡಿದೇ ಇರಲಿಲ್ಲ.

(ಪ್ರಕರಣಕ್ಕೆ ಸಂಬಂಧವಿಲ್ಲದಿದ್ದರೂ ಒಂದು ಮಾತು. ಪಂಕ್ಚರ್ ಆದಾಗ ಮುಂದಿನ ಒಂದು ಗಾಲಿಯನ್ನು ಜಾಕ್ ಕೊಟ್ಟು ಎತ್ತುತ್ತೇವಲ್ಲ, ಆಗಲೂ ಇದೇ ಆಗುತ್ತದೆ. ಎತ್ತಿದ ಗಾಲಿ ಗಾಳಿಯಲ್ಲಿ ತಿರುಗಲು ಸ್ವತಂತ್ರ, ಹಾಗಾಗಿ ನೆಲದ ಮೇಲಿನ ಗಾಲಿಯೂ ಸ್ವತಂತ್ರ. ಪಿಯಲ್ಲಿದೆ ಎಂಬ ಧೈರ್ಯದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ, ಕಲ್ಲು ಕೊಡದೆ ಮುಂದಿನ ಗಾಲಿ ಎತ್ತುವವರು ಜಾಕಿನ ಕೆಳಗೆ ತಲೆ ಕೊಟ್ಟಂತೆಯೇ.)

ಗ್ಯಾರೇಜಿನವನು ಮುಂದಿಟ್ಟ ಊಹೆ ಬೇರೆ. ಹಿಂದಿನ ಬ್ರೇಕ್ ಬಿಸಿಯಾಗಿತ್ತು, ತಣ್ಣಗಾದ ಮೇಲೆ ಸಡಿಲವಾಯಿತು, ಅದಕ್ಕೇ ಕಾರು ಅಷ್ಟು ಹೊತ್ತು ನಿಂತು ಆಮೇಲೆ ಹೋಯಿತು ಎಂದ. ಮಾತಿನಲ್ಲಿ ಹುರುಳಿದೆ. ಹಿಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಇರುವ ಕಾರುಗಳಲ್ಲಿ ಹಾಗೆ ಆಗುವುದುಂಟು. ಕಾದ ಡಿಸ್ಕ್ ತಣ್ಣಗಾಗಿ ಕುಗ್ಗಿದಾಗ ಹ್ಯಾಂಡ್‌ಬ್ರೇಕಿನ ಬಿಗಿ ಇಳಿಯುತ್ತದೆ. ಈ ಕಾರಿಗೆ ಹಿಂದೆ ಇರುವುದು ಡ್ರಮ್. ಡ್ರಮ್ ತಣ್ಣಗಾದರೆ ಕುಗ್ಗಿ, ಒಳಗಿನಿಂದ ಅದನ್ನು ಒತ್ತುವ ಬ್ರೇಕ್ ಶೂಗಳನ್ನು ಇನ್ನಷ್ಟು ಬಿಗಿ ಹಿಡಿಯುತ್ತದೆ. ಆ ಊಹೆಯನ್ನೂ ಬದಿಗಿಟ್ಟೆವು.

ನಂತರ ಗ್ಯಾರೇಜಿನಲ್ಲೇ ಒಂದು ಪರೀಕ್ಷೆಯಾಯಿತು. ಸಮನೆಲದಲ್ಲಿ ಕಾರು ನಿಲ್ಲಿಸಿ, ಲಿವರನ್ನು ಪಿಗೆ ತಳ್ಳಿ ಇಬ್ಬರು ಹುಡುಗರು ಬಾನೆಟ್ಟಿಗೆ ಕೈಕೊಟ್ಟು ದಬ್ಬಿದರು. ಕಾರು ಜಗ್ಗಿ ನಿಂತಿತು. ಮತ್ತೆ ಮಾಡಿದರೂ ಅಷ್ಟೇ. ‘ಗಾಡಿ ಸರಿ ಇದೆ’ ಎಂಬ ಮಾತು ಬಂತು, ಗುರುಗಳ ಮುಖ ಬಾಡಿತು. ಇಂಥ ಪರೀಕ್ಷೆಯಿಂದ ಹೊರಡುವ ತೀರ್ಮಾನವನ್ನು ಅದರ ಅಳತೆಗಿಂತ ಹಿಗ್ಗಿಸಬಾರದು. ಕೊಕ್ಕೆ ಮುರಿದಿಲ್ಲ, ಹಲ್ಲು ಸವೆದಿಲ್ಲ ಎಂಬಷ್ಟನ್ನು ಅದು ತಿಳಿಸಿತು, ಅದು ಉಪಯುಕ್ತವೇ. ಆದರೆ ಪ್ರತಿ ಸಲವೂ ಕೊಕ್ಕೆ ಬೀಳುತ್ತದೆ ಎಂದು ಅದರಿಂದ ಹೇಳಲಾಗದು. ಲಿವರ್ ತಳ್ಳಿದ್ದು ಗ್ಯಾರೇಜಿನ ಗಟ್ಟಿ ಕೈ, ಗುರುಗಳ ಮೆದು ಕೈ ಅಲ್ಲ.

ಸ್ಟಾರ್ಟ್ ಆಗದ ದಿನಗಳು

ಎರಡನೇ ತಿರುವು ಬಂದದ್ದು ಉಪಕರಣದಿಂದಲ್ಲ, ಚಹಾ ಕುಡಿಯುತ್ತ ಕೂತಾಗ. ಈ ಕಾರು ಬೇರೆ ಏನಾದರೂ ತೊಂದರೆ ಕೊಟ್ಟಿತ್ತೇ ಎಂದು ಕೇಳಿದೆ. ಗುರುಗಳು ಇಲ್ಲವೆಂದರು. ಮಗಳು ತಡೆದು, ‘ಅಪ್ಪಾ, ಬ್ಯಾಟರಿ ಬದಲಿಸಿದೆವಲ್ಲ’ ಎಂದಳು. ಚಳಿಗಾಲದಲ್ಲಿ ಕಾರು ಒಮ್ಮೊಮ್ಮೆ ಸ್ಟಾರ್ಟ್ ಆಗುತ್ತಿರಲಿಲ್ಲವಂತೆ. ಕೀಲಿ ತಿರುಗಿಸಿದರೆ ದೀಪಗಳೆಲ್ಲ ಹೊತ್ತುತ್ತಿದ್ದವು, ಎಂಜಿನ್ ಮಾತ್ರ ಕಿಮಕ್ ಎನ್ನುತ್ತಿರಲಿಲ್ಲ. ಹೊಸ ಬ್ಯಾಟರಿ ಹಾಕಿಸಿದರು. ಆಮೇಲೂ ಆಗಾಗ ಹಾಗೆ ಆಗುತ್ತಿತ್ತು, ಆದರೆ ಅಷ್ಟರಲ್ಲಿ ಗುರುಗಳು ಉಪಾಯ ಕಂಡುಕೊಂಡಿದ್ದರು: ಲಿವರನ್ನು ಅಂಗೈಯಿಂದ ಮುಂದಕ್ಕೆ ಒತ್ತಿ ಹಿಡಿದರೆ ಸ್ಟಾರ್ಟ್ ಆಗುತ್ತದೆ. ‘ಅದು ಈ ಗಾಡಿಯ ಸ್ವಭಾವ’ ಎಂದುಕೊಂಡಿದ್ದರು. ಜೊತೆಗೆ ಇನ್ನೊಂದು ಸಂಗತಿಯೂ ಹೊರಬಂತು. ಪಿಗೆ ಹಾಕಿದ ಮೇಲೂ ಹಿಂದಿನ ಸೆನ್ಸರ್ ಕೆಲವೊಮ್ಮೆ ಪೀಂ ಪೀಂ ಎನ್ನುತ್ತಲೇ ಇರುತ್ತಿತ್ತು. ಆ ಸೆನ್ಸರ್ ಎಚ್ಚರಗೊಳ್ಳುವುದು ರಿವರ್ಸ್‌ನಲ್ಲಿ.

ಆಟೊಮ್ಯಾಟಿಕ್ ಕಾರು ಪಿ ಮತ್ತು ಎನ್‌ನಲ್ಲಿ ಮಾತ್ರ ಸ್ಟಾರ್ಟ್ ಆಗುತ್ತದೆ. ಇದನ್ನು ತೀರ್ಮಾನಿಸುವ ಸ್ವಿಚ್ ಈ ಕಾರಿನಲ್ಲಿ ಇರುವುದು ಲಿವರಿನ ಬಳಿ ಅಲ್ಲ, ಬಾನೆಟ್ ಕೆಳಗೆ ಗೇರ್‌ಬಾಕ್ಸಿನ ಮೈಮೇಲೆ. ಇಲ್ಲಿ ಇಡೀ ಪ್ರಕರಣ ಎರಡು ಸಾಕ್ಷಿಗಳಿಗೆ ಬಂದು ನಿಂತಿತು. ಕೀಲಿ ಹೇಳುವುದು ಲಿವರ್ ಎಲ್ಲಿತ್ತು ಎಂಬುದನ್ನು. ಸ್ಟಾರ್ಟರ್ ಹೇಳುವುದು ಗೇರ್‌ಬಾಕ್ಸ್ ಎಲ್ಲಿತ್ತು ಎಂಬುದನ್ನು. ತಿಂಗಳುಗಳಿಂದ ಇವೆರಡರ ಹೇಳಿಕೆ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಲಿವರಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ಒಂದು ಕೇಬಲ್.

ಬಾನೆಟ್ ತೆರೆದು, ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ಟಾರ್ಚ್ ಹಿಡಿದು ನೋಡಿದೆವು. ಕೇಬಲಿನ ತುದಿಯಲ್ಲಿ ಒಂದು ಕಣ್ಣು, ಅದರೊಳಗೆ ಬುಷ್ ಎಂಬ ಪ್ಲಾಸ್ಟಿಕ್ ಬಳೆ, ಬುಷ್ ಒಳಗೆ ಗೇರ್‌ಬಾಕ್ಸ್ ಹಿಡಿಯ ಮೊಳೆ. ಇದು ಇರಬೇಕಾದ ರೀತಿ. ಬುಷ್ ಒಣಗಿ ಹಳದಿಗಟ್ಟಿ ಅರ್ಧ ಉದುರಿತ್ತು, ಉಳಿದರ್ಧ ಉಗುರು ತಾಕಿಸಿದರೆ ಪುಡಿಯಾಗುತ್ತಿತ್ತು. ದೊಡ್ಡದಾದ ಕಣ್ಣಿನೊಳಗೆ ಮೊಳೆ ಸಡಿಲವಾಗಿ ಆಡುತ್ತಿತ್ತು. ಒಬ್ಬರು ಒಳಗೆ ಕೂತು ಲಿವರನ್ನು ನಿಧಾನವಾಗಿ ಡಿಯಿಂದ ಪಿಗೆ ತಂದರು. ಒಳಗೆ ಲಿವರ್ ಪಿ ತಲುಪಿ ಟಕ್ ಎಂದಿತು. ಇಲ್ಲಿ ಗೇರ್‌ಬಾಕ್ಸಿನ ಹಿಡಿ ಆರ್ ದಾಟಿ, ಪಿ ಮುಟ್ಟದೆ ನಡುವೆ ನಿಂತಿತು. ಇನ್ನೊಮ್ಮೆ ಜೋರಾಗಿ ತಳ್ಳಿದಾಗ ಪೂರ್ತಿ ಹೋಯಿತು. ಗ್ಯಾರೇಜಿನ ಪರೀಕ್ಷೆ ಏಕೆ ಸರಿ ಬಂದಿತ್ತು ಎಂಬುದೂ ಅಲ್ಲೇ ತಿಳಿಯಿತು.

ರ‍್ಯಾಂಪಿನ ಮೇಲೆಯೇ ಪರೀಕ್ಷಿಸಬೇಕೆಂದು ನಾನು ಒತ್ತಾಯಿಸಿದೆ. ಹಿಂದಿನ ಗಾಲಿಗಳ ಹಿಂದೆ ನಾಲ್ಕು ಬೆರಳು ಅಂತರ ಬಿಟ್ಟು ದಪ್ಪ ಮರದ ತುಂಡುಗಳನ್ನಿಟ್ಟು, ಬೀದಿಯಲ್ಲಿ ಇಬ್ಬರನ್ನು ಕಾವಲು ನಿಲ್ಲಿಸಿ, ಗುರುಗಳನ್ನೇ ಕೂರಿಸಿದೆವು. ಅವರದೇ ಕೈ, ಅವರದೇ ಅಭ್ಯಾಸ. ಕೆಲವು ಸಲ ಕಾರು ನಿಂತಿತು. ಕೆಲವು ಸಲ ಹ್ಯಾಂಡ್‌ಬ್ರೇಕ್ ಬಿಟ್ಟೊಡನೆ ಮರದ ತುಂಡಿಗೆ ಬಂದು ಒರಗಿತು. ಒಂದು ಸಲ ಒರಗುವ ಮುಂಚೆ ಒಳಗಿನಿಂದ ಕರಕರ ಎಂಬ ಸದ್ದು ಕೇಳಿತು. ಎದುರು ಮನೆಯ ಅಜ್ಜಿ ಬಾಗಿಲಲ್ಲೇ ನಿಂತಿದ್ದವರು, ‘ಅವತ್ತೂ ಇದೇ ಸದ್ದು’ ಎಂದರು. ಮೊದಲ ದಿನವೇ ಅವರು ಅದನ್ನು ಹೇಳಿದ್ದರಂತೆ, ಯಾರೂ ಕಿವಿಗೊಟ್ಟಿರಲಿಲ್ಲ. ಕೊಕ್ಕೆ ಹಲ್ಲುಗಳ ತುದಿ ಸವರಿಕೊಂಡು ಹಾರುವ ಸದ್ದು ಅದು.

ಉಳಿದದ್ದು ಒಂದೇ ಪ್ರಶ್ನೆ: ಊಟ ಮುಗಿಯುವವರೆಗೆ ಕಾರು ಏಕೆ ನಿಂತಿತ್ತು? ಎರಡು ಹಲ್ಲು ಎಳೆದ ಹ್ಯಾಂಡ್‌ಬ್ರೇಕ್ ಒಂದೇ ಅದನ್ನು ಹಿಡಿದಿತ್ತು, ಅದೂ ಅಂಚಿನಲ್ಲಿ. ನಿಂತದ್ದನ್ನು ಹಿಡಿದಿಡುವ ಘರ್ಷಣೆ ಚಲಿಸತೊಡಗಿದ್ದನ್ನು ತಡೆಯುವ ಘರ್ಷಣೆಗಿಂತ ಹೆಚ್ಚು. ಡಿಕ್ಕಿಯ ಬಾಗಿಲು ಧಡ್ ಎಂದಾಗ ಕಾರು ಒಮ್ಮೆ ಅಲುಗಿತು, ಶೂಗಳ ಹಿಡಿತ ಕಳಚಿತು, ಮುಂದೆ ತಡೆಯಲು ಆ ಬಿಗಿ ಸಾಲಲಿಲ್ಲ. ಸೋದರಳಿಯ ತನ್ನದೇ ತಪ್ಪೆಂದು ಒಳಗೊಳಗೇ ಕೊರಗುತ್ತಿದ್ದ. ಡಿಕ್ಕಿ ಮುಚ್ಚಿದರೆ ಉರುಳುವ ಕಾರು ಅವನು ಮುಚ್ಚುವ ಮೊದಲೇ ಕೆಟ್ಟದ್ದು ಎಂದು ಅವನಿಗೆ ಬಿಡಿಸಿ ಹೇಳಬೇಕಾಯಿತು.

ಬೇರೆಡೆಯೂ ಇದೇ

ಇದು ಹಳೆಯ ಕಾರಿನ, ಸಣ್ಣ ಊರಿನ ಕಥೆ ಎಂದುಕೊಳ್ಳಬೇಕಿಲ್ಲ. 2022ರ ಜೂನ್‌ನಲ್ಲಿ ಫೋರ್ಡ್ ಕಂಪನಿ ಅಮೆರಿಕದಲ್ಲಿ ಸುಮಾರು 29 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಿದ್ದು ಇಂಥದೇ ಬುಷ್‌ಗಾಗಿ: ಅದು ಹಾಳಾಗಿ ಇಲ್ಲವೇ ಕಳಚಿ, ಲಿವರ್ ಪಿ ತೋರಿಸಿದರೂ ಗೇರ್‌ಬಾಕ್ಸ್ ಪಿಗೆ ಹೋಗದಿರಬಹುದು ಎಂಬ ಕಾರಣಕ್ಕೆ. ಶಾಖ ಮತ್ತು ತೇವಾಂಶವೇ ಬುಷ್ಷಿನ ವೈರಿಗಳು. ಕಲಬುರಗಿಯ ಬೇಸಿಗೆಯಲ್ಲಿ ಎಂಜಿನ್ ಪಕ್ಕದ ಪ್ಲಾಸ್ಟಿಕ್ಕಿನ ಗತಿ ಊಹಿಸಿಕೊಳ್ಳಬಹುದು. ಅದಕ್ಕೂ ಹಿಂದೆ, 1980ರಲ್ಲಿ, ಪಾರ್ಕ್‌ನಿಂದ ರಿವರ್ಸ್‌ಗೆ ಜಾರುವ ದೂರುಗಳ ಕುರಿತು ಅಮೆರಿಕ ಸರ್ಕಾರದೊಂದಿಗೆ ರಾಜಿ ಮಾಡಿಕೊಂಡ ಅದೇ ಕಂಪನಿ ಎರಡು ಕೋಟಿಗೂ ಹೆಚ್ಚು ಮಾಲೀಕರಿಗೆ ಎಚ್ಚರಿಕೆಯ ಅಂಟುಚೀಟಿಯನ್ನು ಅಂಚೆಯಲ್ಲಿ ಕಳುಹಿಸಿತ್ತು. ಯಂತ್ರದ ದೋಷಕ್ಕೆ ಚೀಟಿಯ ಮದ್ದು!

2016ರಲ್ಲಿ ಫಿಯೆಟ್ ಕ್ರೈಸ್ಲರ್ ಸುಮಾರು 11 ಲಕ್ಷ ವಾಹನಗಳನ್ನು ಕರೆಸಿದ ಕಾರಣ ಇದಕ್ಕೆ ವಿರುದ್ಧ ದಿಕ್ಕಿನದು. ಅಲ್ಲಿ ಕೇಬಲ್ ಸರಿಯಿತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಇರಲಿಲ್ಲ. ಯಾವ ಗೇರ್ ಹಾಕಿದರೂ ಲಿವರ್ ನಡುವಿನ ಸ್ಥಾನಕ್ಕೇ ಮರಳುತ್ತಿದ್ದುದರಿಂದ ಪಿ ಬಿತ್ತೋ ಇಲ್ಲವೋ ಕೈಗೆ ತಿಳಿಯುತ್ತಿರಲಿಲ್ಲ. ಆ ವರ್ಷದ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ತನ್ನ ಮನೆಯ ಇಳುಕಲಿನಲ್ಲಿ ನಟ ಆಂಟನ್ ಯೆಲ್ಚಿನ್ ಸತ್ತದ್ದು ಆ ಪಟ್ಟಿಯಲ್ಲಿದ್ದ ಮಾದರಿಯ ಜೀಪ್ ಉರುಳಿ ಬಂದು ಅಪ್ಪಳಿಸಿದ್ದರಿಂದ. ಒಂದು ಕಡೆ ಲಿವರ್ ಸುಳ್ಳು ಹೇಳಿತು, ಇನ್ನೊಂದು ಕಡೆ ಏನನ್ನೂ ಹೇಳಲಿಲ್ಲ.

ದುರಸ್ತಿ ಮತ್ತು ತಕರಾರುಗಳು

ಬುಷ್ ಒಂದನ್ನೇ ಕೊಂಡರೆ ಸಿಗುವುದಿಲ್ಲ, ಪೂರ್ತಿ ಕೇಬಲ್ ತರಿಸಬೇಕು ಎಂದು ಅಂಗಡಿಯಲ್ಲಿ ತಿಳಿಯಿತು. ಬರಲು ದಿನಗಳು ಬೇಕು. ಗ್ಯಾರೇಜಿನವನು ಕಣ್ಣಿಗೆ ರಬ್ಬರ್ ತುಂಡು ತುಂಬಿ ತಂತಿ ಸುತ್ತಿ ಕೊಡುತ್ತೇನೆ, ವರ್ಷ ಓಡುತ್ತದೆ ಎಂದ. ಅವನ ಕೈಚಳಕದ ಮೇಲೆ ನನಗೆ ನಂಬಿಕೆಯಿದೆ. ಅವನು ಅದೇ ತಂತಿಯಿಂದ ಎಷ್ಟೋ ಗಾಡಿಗಳನ್ನು ಊರು ಮುಟ್ಟಿಸಿದ್ದಾನೆ. ಆದರೆ ರಸ್ತೆಯಲ್ಲಿ ಕೆಟ್ಟು ನಿಲ್ಲುವ ದೋಷಕ್ಕೆ ಸಲ್ಲುವ ಉಪಾಯ, ನಿಲ್ಲದೆ ಹೋಗುವ ದೋಷಕ್ಕೆ ಸಲ್ಲದು. ಗುರುಗಳು ಬೇಡವೆಂದರು. ಕೇಬಲ್ ಬರುವವರೆಗೆ ಕಾರು ಗ್ಯಾರೇಜಿನ ಸಮನೆಲದಲ್ಲಿ ಗಾಲಿಗೆ ಕಲ್ಲು ಕೊಟ್ಟುಕೊಂಡು ನಿಂತಿತ್ತು, ಅವರು ಆಟೊದಲ್ಲಿ ಓಡಾಡಿದರು.

ಹೊಸ ಕೇಬಲ್ ಹಾಕಿ, ಗೇರ್‌ಬಾಕ್ಸಿನ ಕಡೆಯ ಹೊಂದಾಣಿಕೆ ಸರಿಪಡಿಸಿ, ಹಿಂದಿನ ಶೂ ಬದಲಿಸಿ, ಹ್ಯಾಂಡ್‌ಬ್ರೇಕ್ ಬಿಗಿ ಮಾಡಿಸಿದರು. ರ‍್ಯಾಂಪಿನ ಮೇಲೆ ಎರಡು ಪ್ರತ್ಯೇಕ ಪರೀಕ್ಷೆಗಳು ನಡೆದವು: ಪಿ ಇಲ್ಲದೆ ಹ್ಯಾಂಡ್‌ಬ್ರೇಕ್ ಮಾತ್ರ, ಹ್ಯಾಂಡ್‌ಬ್ರೇಕ್ ಇಲ್ಲದೆ ಪಿ ಮಾತ್ರ. ಒಂದೊಂದೂ ಒಂಟಿಯಾಗಿ ಕಾರನ್ನು ಹಿಡಿದ ಮೇಲೆಯೇ ಕಾರು ಮನೆ ಸೇರಿತು. ವಿಮೆಯ ಅರ್ಜಿಯಲ್ಲಿ ಗುರುಗಳು ಗೇರ್ ಕೇಬಲಿನ ದೋಷ ಎಂದೇ ಬರೆದರು, ಜೊತೆಗೆ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದಿರಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಬ್ರೇಕಿನ ಮಾತನ್ನೇ ಹೇಳುತ್ತದೆ: ಸಾರ್ವಜನಿಕ ಸ್ಥಳದಲ್ಲಿ ನಿಂತ ಗಾಡಿಯ ಚಾಲಕನ ಆಸನದಲ್ಲಿ ಪರವಾನಗಿ ಇರುವವರು ಯಾರೂ ಇಲ್ಲದಿದ್ದರೆ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು, ಇಲ್ಲವೇ ಗಾಡಿ ತಾನಾಗಿ ಚಲಿಸದಂತೆ ಬೇರೆ ಏರ್ಪಾಡು ಮಾಡಿರಬೇಕು. ಸ್ಕೂಟರಿನ ದುರಸ್ತಿಯನ್ನು ಗುರುಗಳೇ ಮಾಡಿಸಿಕೊಟ್ಟರು. ಅರವಟ್ಟಿಗೆಗೆ ಹೊಸ ಕೊಡಗಳು ಮರುದಿನವೇ ಬಂದಿದ್ದವು.

ಅಭ್ಯಾಸ ಬದಲಿಸುವುದು ಕೇಬಲ್ ಬದಲಿಸುವುದಕ್ಕಿಂತ ಕಷ್ಟವಾಯಿತು. ಈಗಿನ ಕ್ರಮ ಹೀಗಿದೆ. ಬ್ರೇಕ್ ತುಳಿದು ಕಾರು ಪೂರ್ತಿ ನಿಂತ ಮೇಲೆ ಎನ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯುವುದು. ಪಾದವನ್ನು ಮೆಲ್ಲಗೆ ಸಡಿಲಿಸಿ, ಕಾರಿನ ಭಾರ ಹ್ಯಾಂಡ್‌ಬ್ರೇಕ್ ಮೇಲೆ ಕೂರುವುದನ್ನು ನೋಡುವುದು. ಮತ್ತೆ ಬ್ರೇಕ್ ತುಳಿದು ಪಿಗೆ ಹಾಕಿ ಎಂಜಿನ್ ನಿಲ್ಲಿಸುವುದು. ಹೀಗೆ ಮಾಡಿದರೆ ಭಾರ ಆ ಸಣ್ಣ ಕೊಕ್ಕೆಯ ಮೇಲೆ ಬೀಳುವುದಿಲ್ಲ, ಬೆಳಗ್ಗೆ ಪಿಯಿಂದ ತೆಗೆಯುವಾಗ ಢಬ್ ಎಂಬ ಸದ್ದೂ ಇರುವುದಿಲ್ಲ. ‘ಪಿ ಇರುವಾಗ ಇಷ್ಟೆಲ್ಲ ಏಕೆ?’ ಎಂದು ಗುರುಗಳು ವಾದಿಸಿದರು. ಹ್ಯಾಂಡ್‌ಬ್ರೇಕ್‌ನಲ್ಲಿ ಕಾರು ನಿಲ್ಲುತ್ತಿದ್ದಂತೆಯೇ ತಿಳಿಯುತ್ತದೆ, ಕೊಕ್ಕೆ ಬಿದ್ದದ್ದು ಕಾಣುವುದಿಲ್ಲ ಎಂಬ ಉತ್ತರ ಅವರಿಗೆ ಒಪ್ಪಿಗೆಯಾಯಿತು.

ಎದುರು ಮನೆಯವರ ಮಗ ಕೇಳಿದ ಪ್ರಶ್ನೆ ಇನ್ನೂ ಚೆನ್ನಾಗಿತ್ತು: ‘ಸರ್, ನಮ್ಮ ಆಟೊಮ್ಯಾಟಿಕ್ ಕಾರಿನಲ್ಲಿ ಪಿಯೇ ಇಲ್ಲವಲ್ಲ?’ ಅವನದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಂದಿಗೆ ನಮ್ಮ ದೇಶಕ್ಕೆ ಬಂದು ಬೇಗ ಹಬ್ಬಿದ ಈ ಬಗೆಯಲ್ಲಿ ಒಳಗಿರುವುದು ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ ತುಳಿಯುವ, ಗೇರ್ ಬದಲಿಸುವ ಕೆಲಸವನ್ನು ಮೋಟಾರುಗಳು ಮಾಡುತ್ತವೆ. ಹೆಚ್ಚಿನ ಎಎಂಟಿಗಳಲ್ಲಿ ಪಾರ್ಕಿಂಗ್ ಕೊಕ್ಕೆ ಇರುವುದಿಲ್ಲ. ಎನ್‌ನಲ್ಲಿ ಬಿಟ್ಟು ಇಳಿದರೆ ಹ್ಯಾಂಡ್‌ಬ್ರೇಕ್ ಒಂದೇ ಆಧಾರ. ಹ್ಯಾಂಡ್‌ಬ್ರೇಕ್ ಎಳೆದು, ಡಿ ಅಥವಾ ಆರ್‌ನಲ್ಲಿ ಇರುವಂತೆಯೇ, ಬ್ರೇಕ್ ತುಳಿದುಕೊಂಡು ಎಂಜಿನ್ ನಿಲ್ಲಿಸಬೇಕು. ಆಗ ಕ್ಲಚ್ ಕೂಡಿಕೊಂಡು ಎಂಜಿನ್ ಕಾರನ್ನು ಹಿಡಿಯುತ್ತದೆ. ಅವನು ಮೂರು ವರ್ಷದಿಂದ ಎನ್‌ನಲ್ಲೇ ಬಿಡುತ್ತಿದ್ದ.

ಮಳೆಗಾಲದಲ್ಲಿ ಗುರುಗಳಿಂದ ದೂರು ಬಂತು. ಬೀಗರ ಊರಿಗೆ ಹೋಗಿ ವಾರ ಬಿಟ್ಟು ಬಂದರೆ ಹ್ಯಾಂಡ್‌ಬ್ರೇಕ್ ಹಿಡಿದುಕೊಂಡು ಹಿಂದಿನ ಗಾಲಿಗಳು ಕದಲುತ್ತಿಲ್ಲ, ನಿಮ್ಮ ಕ್ರಮದ ಫಲ ಇದು ಎಂದರು. ಹಸಿ ಹವೆಯಲ್ಲಿ ಶೂಗಳು ತುಕ್ಕಿಗೆ ಡ್ರಮ್ಮಿಗೆ ಅಂಟುವುದು ನಿಜ. ಹಿಂದೆ ಮುಂದೆ ಮೆಲ್ಲಗೆ ಎಳೆದಾಗ ಟಪ್ ಎಂದು ಬಿಟ್ಟುಕೊಂಡಿತು. ಆಮೇಲೆ ಒಂದು ಒಪ್ಪಂದಕ್ಕೆ ಬಂದೆವು: ಬಹಳ ದಿನ ಊರಿಗೆ ಹೋಗುವಾಗ ಕಾರು ಪೋರ್ಚಿನ ಸಮನೆಲದಲ್ಲಿ ಪಿಯಲ್ಲಿ ನಿಲ್ಲಬೇಕು, ಗಾಲಿಯ ಹಿಂದೆ ಮುಂದೆ ಮರದ ತುಂಡು ಇರಬೇಕು, ಹ್ಯಾಂಡ್‌ಬ್ರೇಕ್ ಬಿಟ್ಟಿದ್ದರೂ ನಡೆಯುತ್ತದೆ. ರ‍್ಯಾಂಪಿನ ಮೇಲೆ ಐದು ನಿಮಿಷ ನಿಂತರೂ ಹ್ಯಾಂಡ್‌ಬ್ರೇಕ್ ಬೇಕೇ ಬೇಕು. ಇದಕ್ಕಾಗಿ ಪೋರ್ಚು ಖಾಲಿಯಾಗಬೇಕಿತ್ತು; ದರ ಏರುವುದನ್ನು ಕಾಯದೆ ಗುರುಗಳು ತೊಗರಿ ಮಾರಿದರು.